ಮೂವರಿಗೂ ಒಂದೇ ಹೆಡರ್ ಫೈಲ್

ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಎಡವಟ್ಟೊಂದು ನಡೆಯದ ವಾರವೇ ಇರುತ್ತಿರಲಿಲ್ಲ. ನಗು ಬರುತ್ತಿದ್ದುದು ಮಾತ್ರ ಎದೆಬಡಿತ ಹದಕ್ಕೆ ಬಂದ ಮೇಲೆ.

ಎಂಬತ್ತರ ದಶಕದ ಕೊನೆ. ಮಣಿಪಾಲದ ಹತ್ತಿರದ ಒಂದು ಕಾಲೇಜಿನಲ್ಲಿ ನಾನು ತಾತ್ಕಾಲಿಕ ನೌಕರ. ಪರೀಕ್ಷೆಯ ಫಲಿತಾಂಶ ಕಂಪ್ಯೂಟರಿನಿಂದ ಸರಿಯಾಗಿ ಹೊರಬಂದರೆ ಕಾಯಂ ಮಾಡುತ್ತೇನೆಂದು ಪ್ರಿನ್ಸಿಪಾಲರು ಹೇಳಿದ್ದರು. ಪ್ರೋಗ್ರಾಮ್ ಬರೆಯಲು ನನ್ನ ಜೊತೆ ಕಾರ್ಕಳದ ಮಾಸ್ಟ್ರು, ಕಾಪುವಿನ ಮೇಡಂ. ವಿದ್ಯಾರ್ಥಿಯ ವಿವರ, ಪಾಸಾಗಲು ಬೇಕಾದ ಅಂಕ, ಹೀಗೆ ಮೂವರಿಗೂ ಬೇಕಾದದ್ದನ್ನೆಲ್ಲ ಒಂದೇ ಹೆಡರ್ ಫೈಲಿನಲ್ಲಿಟ್ಟಿದ್ದೆ. ಅದನ್ನು ಸೇರಿಸಿಕೊಳ್ಳಲು ಪ್ರೋಗ್ರಾಮಿನ ಮೇಲ್ಗಡೆ ಒಂದು ಸಾಲು ಬರೆದರೆ ಸಾಕು.

ಒಂದು

ಮಾಸ್ಟ್ರಿಗೆ ಆ ಒಂದು ಸಾಲಿನ ಮೇಲೆ ನಂಬಿಕೆ ಬರಲಿಲ್ಲ. ಅದನ್ನೂ ಬರೆದು, ಜಾಗ್ರತೆಗೆ ಇರಲಿ ಎಂದು ಹೆಡರಿನಲ್ಲಿದ್ದದ್ದನ್ನೆಲ್ಲ ಮತ್ತೊಮ್ಮೆ ಟೈಪ್ ಮಾಡಿದರು. ಪರದೆಯ ತುಂಬ ತಪ್ಪುಗಳು. ಒಂದೇ ಮಾತನ್ನು ಎರಡು ಸಲ ಹೇಳಿದರೆ ಕಂಪ್ಯೂಟರ್ ಒಪ್ಪುವುದಿಲ್ಲ ಎಂದೆ.

“ಮನೆಯಲ್ಲಿ ಮಕ್ಕಳು ಹತ್ತು ಸಲ ಹೇಳಿದರೂ ಕೇಳುವುದಿಲ್ಲ. ಇದಕ್ಕೆ ಎರಡನೇ ಸಲಕ್ಕೇ ಸಿಟ್ಟು ಉಂಟು ಮಾರಾಯ,” ಎಂದು ಅಳಿಸಲು ಕೂತರು.

ಎರಡು

ಮುಂದೆ ಮಾಸ್ಟ್ರು, ಮೇಡಂ ತಮ್ಮದೇ ಒಂದೊಂದು ಹೆಡರ್ ಮಾಡಿಕೊಂಡರು. ಮೊದಲು ಮೇಡಂ ಫೈಲ್ ನೋಡು ಎಂದು ಮಾಸ್ಟ್ರ ಹೆಡರ್ ಹೇಳುತ್ತಿತ್ತು, ಮೊದಲು ಮಾಸ್ಟ್ರ ಫೈಲ್ ನೋಡು ಎಂದು ಮೇಡಂ ಹೆಡರ್. ಕಂಪ್ಯೂಟರ್ ಅಲ್ಲಿಂದಿಲ್ಲಿಗೆ ತಿರುಗಿ ತಿರುಗಿ ಕೊನೆಗೆ ಕೈಚೆಲ್ಲಿತು.

ನಮ್ಮ ಅಟೆಂಡರ್ ಎಲ್ಲ ಕೇಳಿಸಿಕೊಂಡು, “ನಮ್ಮ ಆಫೀಸಿನಲ್ಲಿಯೂ ಆ ಟೇಬಲಿನಿಂದ ಈ ಟೇಬಲಿಗೆ ಹೀಗೆಯೇ ಅಲ್ವಾ? ಜನರು ಮಾತ್ರ ಇಷ್ಟು ಬೇಗ ಸೋಲುವುದಿಲ್ಲ,” ಎಂದ.

ಮೂರು

ನಪಾಸಾದವರ ಪಟ್ಟಿ ಸರಿಯಾಗಿ ಅಚ್ಚಾಗುತ್ತದೋ ಎಂದು ನೋಡಲು ಮೇಡಂ ಮೂವರಿಗೂ ಸೇರಿದ ಹೆಡರಿನಲ್ಲಿ ಪಾಸಿನ ಅಂಕವನ್ನು ನೂರು ಮಾಡಿದ್ದರು. ತಿರುಗಿ ಮೂವತ್ತೈದು ಮಾಡಲು ಮರೆತು ಮರುದಿನ ರಜೆ ಹಾಕಿದರು. ನನಗೇನು ಗೊತ್ತು? ಅಂದೇ ಫಲಿತಾಂಶ ಅಚ್ಚು ಹಾಕಿ, ಕಾಗದ ಸೊಟ್ಟಗಾಗಿಲ್ಲ ಎಂಬುದನ್ನಷ್ಟೇ ನೋಡಿ ಪ್ರಿನ್ಸಿಪಾಲರಿಗೆ ಕೊಟ್ಟೆ. ಸಹಿಯಾಯಿತು. ನೋಟಿಸ್ ಬೋರ್ಡಿಗೆ ಹಾಕಲು ಅಟೆಂಡರ್ ಒಯ್ದ.

ಐದೇ ನಿಮಿಷದಲ್ಲಿ ಪಟ್ಟಿ ಹಿಡಿದುಕೊಂಡೇ ವಾಪಸು ಬಂದ. “ನಮ್ಮ ನೆರೆಮನೆಯ ಹುಡುಗಿ ತೊಂಬತ್ತೆರಡು ತೆಗೆದು ಫೇಲ್ ಆದದ್ದು ಎಂತಕ್ಕೆ?”

ನೋಡಿದರೆ ಇಡೀ ಕಾಲೇಜೇ ಫೇಲು. ಕೆಲಸ ಹೋಯಿತು ಎಂದುಕೊಂಡೇ ಪ್ರಿನ್ಸಿಪಾಲರ ಮುಂದೆ ನಿಂತೆ. ಅವರು ಪಟ್ಟಿ ನೋಡಿ ಕೆಂಪಾದರು. ಕೊಡುವ ಮೊದಲು ಓದಲಿಲ್ಲವೇ ಎಂದು ಕೇಳಿದರು. ನನ್ನ ಕಣ್ಣು ಪಟ್ಟಿಯ ಕೆಳಗಿದ್ದ ಅವರ ಸಹಿಯ ಮೇಲೆ ನಿಂತಿತ್ತು. ಅವರ ಕಣ್ಣೂ ಅಲ್ಲಿಗೇ ಬಂತು.

ಕನ್ನಡಕ ತೆಗೆದು ಒರೆಸಿಕೊಂಡರು. “ಹೊಸದು ತನ್ನಿ. ಈ ಸಲ ಇಬ್ಬರೂ ಓದುವ.”

ಹೆಡರಿನ ಒಂದು ಸಾಲು ಬದಲಿಸಿದೆ, ಕಾಲೇಜು ಪಾಸಾಯಿತು, ಹೋದ ಜೀವ ಬಂದಂತಾಯಿತು. ಆ ವಾರವೇ ನನ್ನ ಕಾಯಂ ಆದೇಶವೂ ಬಂತು. ಸಹಿ ಹಾಕುವ ಮೊದಲು ಪ್ರಿನ್ಸಿಪಾಲರು ಅದನ್ನು ಮೂರು ಸಲ ಓದಿ, ನಾಲ್ಕನೆಯ ಸಲ ಅಟೆಂಡರನ ಕೈಯಲ್ಲಿ ಓದಿಸಿದರಂತೆ.