ಅರಬಾಬರ ಬಂದೂಕಿನ ಬಾಯಿರುಚಿ

ಬಹರೈನ್‌ನಲ್ಲಿ ವೀಸಾದ ಮೇಲಿನ ಕೆಲಸವೇ ಬೇರೆ, ಮಾಡುವ ಕೆಲಸವೇ ಬೇರೆ. ಇದಕ್ಕೆ ಆಶ್ಚರ್ಯಪಡುವುದನ್ನು ನಾನು ಎರಡನೇ ತಿಂಗಳಲ್ಲೇ ನಿಲ್ಲಿಸಿದೆ. ವೀಸಾ ಪ್ರಕಾರ ನಾನು ಪೇಂಟ್ ಕಂಪನಿಯ ಲ್ಯಾಬಿನವನು. ಕಳೆದ ವರ್ಷ ಮಾಡಿದ್ದು ಬಂದೂಕಿನ ಅಡುಗೆ.

೧. ಅರ್ಜಿ

ನಮ್ಮ ಅರಬಾಬ್, ಅಂದರೆ ಕಂಪನಿಯ ಯಜಮಾನರು, ಹಳೇ ಕಾಲದ ಬಂದೂಕಿನ ಹೊಸ ನಕಲೊಂದನ್ನು ತರಿಸಿದರು. ಲೈಸೆನ್ಸ್ ಇತ್ತು; ಬಂದೂಕು, ಮದ್ದು ಎರಡೂ ಶೂಟಿಂಗ್ ಕ್ಲಬ್ಬಿನ ಬೀಗದಲ್ಲಿರುತ್ತಿದ್ದವು. ಅದರ ನಳಿಗೆಯ ಬಾಯಿಯಿಂದಲೇ ಮದ್ದು ಸುರಿದು, ಜಿಡ್ಡು ಹಚ್ಚಿದ ಬಟ್ಟೆಯಲ್ಲಿ ಸೀಸದ ಗುಂಡು ಸುತ್ತಿ, ಕೋಲಿನಿಂದ ಒಳಗೆ ತಳ್ಳಬೇಕು. ಎಷ್ಟು ಮದ್ದು, ಎಂಥ ಬಟ್ಟೆ, ಯಾವ ಜಿಡ್ಡು ಎಂಬುದು ಒಂದೊಂದು ಬಂದೂಕಿಗೆ ಒಂದೊಂದು. ತಪ್ಪಿದರೆ ಗುಂಡು ಚೆಲ್ಲಾಪಿಲ್ಲಿ.

"ನೀನು ಕೆಮಿಸ್ಟ್ರಿ ಓದಿದವನಲ್ವಾ? ಹುಡುಕು" ಎಂದರು.

ಮೇಜಿನ ಮೇಲೆ ನನ್ನ ರಜೆ ಅರ್ಜಿ ಇತ್ತು. ನವೆಂಬರಿನಲ್ಲಿ ತಂಗಿಯ ಮದುವೆ.

"ಗುಂಡು ಒಂದೇ ಕಡೆ ಬೀಳಲಿ. ಅವತ್ತೇ ಸೈನ್."

ಎಂ.ಎಸ್ಸಿ. ಮಾಡಿದ್ದು ಕೊನೆಗೂ ಉಪಯೋಗಕ್ಕೆ ಬಂತು.

೨. ಬಟ್ಟೆ

ಇಲ್ಲಿನ ಹೂರಾ ಬಡಾವಣೆಯಲ್ಲಿ ಕುಂದಾಪುರದ ಟೈಲರ್ ಒಬ್ಬರಿದ್ದಾರೆ. ಒತ್ತಾಗಿ ನೇಯ್ದ ಕಾಟನ್, ನಾಣ್ಯದಗಲದ ದುಂಡನೆಯ ತುಂಡುಗಳು, ಐವತ್ತು ಬೇಕು ಎಂದೆ.

"ಯಾರಿಗೆ ಮಾರಾಯ್ರೆ?"

"ಬಂದೂಕಿಗೆ."

ಅವರು ಹುಬ್ಬು ಸಹ ಏರಿಸಲಿಲ್ಲ. ಎರಡು ದಿನ ಬಿಟ್ಟು ಹೋದರೆ ಐವತ್ತೂ ತಯಾರು, ಪ್ರತಿಯೊಂದಕ್ಕೂ ಸುತ್ತ ಅಂಚು ಮಡಚಿ ಹೊಲಿಗೆ. ಆ ದಪ್ಪಕ್ಕೆ ಗುಂಡು ಒಳಗೇ ಹೋಗುವುದಿಲ್ಲ.

"ಇದು ಒಂದೇ ಸಲಕ್ಕೆ ಸುಟ್ಟುಹೋಗುವ ಬಟ್ಟೆ, ಅಂಚು ಯಾಕೆ?"

"ಸುಡುವುದು ನಿಮ್ಮ ಇಷ್ಟ. ನನ್ನ ಅಂಗಡಿಯಿಂದ ನೂಲು ಬಿಟ್ಟುಕೊಂಡು ಹೋಗ್ಲಿಕ್ಕಿಲ್ಲ."

೩. ಜಿಡ್ಡು

ಆಫೀಸಿನಲ್ಲಿ ಕೊಡಗಿನವನೊಬ್ಬನಿದ್ದಾನೆ. ಮನೆಯಲ್ಲಿ ನಾಲ್ಕು ಕೋವಿ ಇವೆ ಎಂದು ಕೇಳದಿದ್ದರೂ ಹೇಳುತ್ತಾನೆ. ಈ ಸಲ ನಾನೇ ಕೇಳಿದೆ.

"ಹಂದಿ ಕೊಬ್ಬು. ಅದನ್ನು ಬಿಟ್ಟರೆ ಬೇರೆ ಇಲ್ಲ" ಎಂದ.

ತೋಟಾಕ್ಕೆ ಹಚ್ಚಿದ ಕೊಬ್ಬಿನ ವಿಷಯದಲ್ಲಿ ನಮ್ಮ ದೇಶದಲ್ಲಿ ಒಮ್ಮೆ ಏನಾಯಿತೆಂದು ನಾನು ಹೈಸ್ಕೂಲಿನಲ್ಲೇ ಓದಿದ್ದೆ. ಸಲಹೆಯನ್ನು ಅರಬಾಬರಿಗೆ ತಲುಪಿಸಲಿಲ್ಲ. ತೆಂಗಿನೆಣ್ಣೆಗೆ ಜೇನುಮೇಣ ಕರಗಿಸಿದೆ.

"ಅಲ್ಲ, ನೀನು ಎಷ್ಟು ಸಲ ಹೊಡೆದಿದ್ದಿ?" ಎಂದು ಕೊಡಗಿನವನನ್ನು ಕೇಳಿದೆ.

"ಹೊಡೆಯುವುದಾ? ನಾನು ವರ್ಷಕ್ಕೊಮ್ಮೆ ಅದಕ್ಕೆ ಹೂ ಇಡುವುದು."

೪. ಆಯುಧ ಪೂಜೆ

ಅಂಚಿಲ್ಲದ ಬಟ್ಟೆ, ಹೊಸ ಜಿಡ್ಡು, ಆರು ಶುಕ್ರವಾರ. ಗುಂಡುಗಳು ಹಲಗೆಯ ನಾಲ್ಕೂ ಮೂಲೆಗೆ ಹೋದವು. ಮುಂದೆ ಬಿದ್ದ ಬಟ್ಟೆ ತುಂಡುಗಳನ್ನು ಹೆಕ್ಕಿ ನೋಡಿದೆ. ಎಲ್ಲದರ ನಡುವೆ ಸುಟ್ಟ ತೂತು; ಗುಂಡು ದಾರಿ ತಪ್ಪುತ್ತಿದ್ದುದು ಅದಕ್ಕೇ. ಮದ್ದಿಗೂ ಬಟ್ಟೆಗೂ ನಡುವೆ ಒಂದು ಬಿಲ್ಲೆ ಫೆಲ್ಟ್, ಅಂದರೆ ಒತ್ತಿ ಮಾಡಿದ ದಪ್ಪ ಉಣ್ಣೆ ಬಟ್ಟೆ, ಹಾಕಿದರೆ ಸಾಕು ಎಂದೆ. "ಬುಕ್ರಾ, ನಾಳೆ" ಎಂದರು ಅರಬಾಬ್. ತಂಗಿ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಳು.

ಏಳನೇ ಶುಕ್ರವಾರದ ಹಿಂದಿನ ದಿನ ಆಯುಧ ಪೂಜೆ. ಅರಬಾಬರ ಡ್ರೈವರ್ ಉಡುಪಿಯವರು. ಕಾರಿಗೆ, ಜಾಕಿಗೆ, ಸ್ಪ್ಯಾನರಿಗೆ ಕುಂಕುಮ ಹಚ್ಚಿ ಹೂ ಇಟ್ಟರು. ಡಿಕ್ಕಿಯಲ್ಲಿದ್ದ, ಜಿಡ್ಡು ಹಚ್ಚಿದ ಬಟ್ಟೆ ತುಂಡುಗಳ ನನ್ನ ಡಬ್ಬಿಯೂ ಆಯುಧವೇ ಎಂದು ಅದರೊಳಗೂ ಊರಿನಿಂದ ತರಿಸಿದ ಹಿಡಿ ಮಲ್ಲಿಗೆ ಹಾಕಿದರು. ಮೊಗ್ಗುಗಳು ಜಿಡ್ಡಿಗೆ ಅಂಟಿಕೊಂಡವು.

ಮರುದಿನ ಕ್ಲಬ್ಬಿನಲ್ಲಿ ಅರಬಾಬ್ ಓದುವ ಕನ್ನಡಕ ಬಿಟ್ಟು ಗುರಿಯ ಕನ್ನಡಕ ಹಾಕಿದ್ದರು; ಹತ್ತಿರದ್ದು ಕಾಣುತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಮೊಗ್ಗು ಸಮೇತ ಒಳಗೆ ತಳ್ಳಿದರು. ಮೂರು ಗುಂಡು. ಮೂರೂ ಒಂದು ಅಂಗೈ ಅಗಲದಲ್ಲಿ.

ಅವರು ಡಬ್ಬಿ ಮೂಸಿ ನೋಡಿದರು. "ಇದೇನು?"

"ಮಲ್ಲಿಗೆ, ಅರಬಾಬ್. ನಮ್ಮ ಪೂಜೆಯದ್ದು" ಎಂದರು ಡ್ರೈವರ್.

"ಒದ್ದೆ ಮೊಗ್ಗು ಅಡ್ಡ ಬಂದು ಬಟ್ಟೆ ಸುಡಲಿಲ್ಲ, ಅಷ್ಟೇ" ಎಂದೆ ನಾನು. "ನಾನು ಹೇಳಿದ ಫೆಲ್ಟ್ ಇದನ್ನೇ ಮಾಡುತ್ತದೆ."

"ಫೆಲ್ಟಿಗೆ ಈ ಪರಿಮಳ ಇದೆಯಾ?"

ಇಲ್ಲವೆಂದು ಒಪ್ಪಿಕೊಂಡೆ.

"ಎಲ್ಲಿ ಸಿಗುತ್ತದೆ?"

"ಊರಲ್ಲಿ" ಎನ್ನುತ್ತ ಡ್ರೈವರ್ ನನ್ನತ್ತ ಕೈ ತೋರಿಸಿದರು. "ಇವರ ಮನೆಯ ಹತ್ತಿರವೇ."

ಕಾರಿನ ಬಾನೆಟ್ ಮೇಲೆಯೇ ನನ್ನ ಜೇಬಿನಲ್ಲಿದ್ದ ಅರ್ಜಿಗೆ ಸೈನ್ ಬಿತ್ತು. ಕಾರಣದ ಸಾಲಿನಲ್ಲಿ "ತಂಗಿಯ ಮದುವೆ" ಎಂದಿದ್ದುದನ್ನು ಹೊಡೆದುಹಾಕಿ "ಬಂದೂಕಿನ ಸಾಮಾನು ತರಲು" ಎಂದು ಬರೆದರು. ನಾನು ಹತ್ತು ದಿನ ಕೇಳಿದ್ದೆ, ಹದಿನೈದು ಕೊಟ್ಟರು.

ಧಾರೆಯ ಹೊತ್ತಿನಲ್ಲಿ ನಾನು ತಂಗಿಯ ಜಡೆಯನ್ನೇ ನೋಡುತ್ತ ನಿಂತಿದ್ದೆನಂತೆ. ಅಣ್ಣನಿಗೆ ಎಷ್ಟು ಪ್ರೀತಿ ಎಂದು ನೆಂಟರು ಈಗಲೂ ಹೇಳುತ್ತಾರೆ. ನಿಜ ಹೇಳುವುದಾದರೆ, ಮೊಗ್ಗು ಎಣಿಸುತ್ತಿದ್ದೆ. ನಲವತ್ತು ಗುಂಡಿಗೆ ಧಾರಾಳವಾಗಿ ಸಾಕಿತ್ತು.