ಮೂರು ಅಳತೆಯ ಆನೆ

ಬಿಳಿಗಿರಿಯ ಬಾಳು ಹಾಳಾಗಿದ್ದು ಇಂಚಿನ ನೂರನೇ ಒಂದು ಭಾಗದಿಂದ. ಅಷ್ಟು ಚಿಕ್ಕ ವಸ್ತುವಿನಿಂದ ಐದೂಮುಕ್ಕಾಲು ಅಡಿಯ ಗಂಡಸೊಬ್ಬ ಕೆಟ್ಟಿದ್ದು ತಾಳವಾಡಿ ಬೆಟ್ಟಸಾಲಿನಲ್ಲಿ ಅದೇ ಮೊದಲು. ನನ್ನ ಮಾತು ನಂಬುವುದಾದರೆ, ಭೂಮಂಡಲದಲ್ಲೇ ಮೊದಲು.

ಪಣಕಹಳ್ಳಿಯಲ್ಲಿ ಆನೆಗೆ ಹೆದರದವರು ಯಾರೂ ಇಲ್ಲ. ಆದರೆ ಬಿಳಿಗಿರಿ ಹೆದರುವ ಹಾಗೆ ಹೆದರುವವರೂ ಇಲ್ಲ. ಬೆಂಕಿಪೊಟ್ಟಣದ ಮೇಲೆ ಆನೆ ಚಿತ್ರ ಕಂಡರೂ ಅವನು ಒಲೆ ಹಚ್ಚದೆ ತಂಗಳು ತಿನ್ನುತ್ತಾನೆ. ಇಂಥವನಿಗೂ ಮುಸುಕಿನ ಜೋಳ ತೆನೆಗಟ್ಟುವ ಕಾಲಕ್ಕೆ ಅಟ್ಟಣೆ ಹತ್ತಿ ಕಾವಲು ಕೂರುವ ಸರದಿ ಬರುತ್ತಿತ್ತು. ಅದನ್ನು ತಪ್ಪಿಸಿಕೊಳ್ಳಲೆಂದೇ ಅವನು ಒಂದು ಸಾಫ್ಟ್‌ವೇರ್ ಬರೆದ. ಹೊಲದಲ್ಲಿ ಬಿದ್ದ ಹೆಜ್ಜೆಯ ಪಕ್ಕ ಸ್ಕೇಲ್ ಇಟ್ಟು ಫೋಟೋ ಹೊಡೆದು ಕಳಿಸಿದರೆ ಸಾಕು, ಹೆಜ್ಜೆ ಅಸಲು ಗಾತ್ರದಲ್ಲೇ ನಾಲ್ಕು ಹಾಳೆಯ ಮೇಲೆ ಅಚ್ಚಾಗಿ ಬರುತ್ತದೆ. ಪರಿಹಾರ ಕೇಳುವ ಮನುವಿಗೆ, ಅಂದರೆ ಅರ್ಜಿಗೆ, ಅದನ್ನು ಲಗತ್ತಿಸಿದರೆ, ಬೆಳೆ ತಿಂದದ್ದು ಆನೆಯೇ ಎಂದು ಫಾರೆಸ್ಟಿನವರು ಒಪ್ಪಬೇಕು.

ಬೆಳೆಗಾರರ ಸಂಘದ ಅಧ್ಯಕ್ಷ ಶಿವಶಂಕರಪ್ಪ ಮಾತು ಕೊಟ್ಟಿದ್ದರು. ಸಾಫ್ಟ್‌ವೇರ್ ಪಾಸಾದರೆ ಬಿಳಿಗಿರಿಗೆ ಜನ್ಮಪೂರ್ತಿ ಕಾವಲು ಮಾಫಿ. ಫೇಲಾದರೆ ಅವತ್ತೇ ಸಂಜೆ ಅಟ್ಟಣೆ.

ಮೊದಲ ಮನು ಅಧ್ಯಕ್ಷರದೇ. ಅವರ ಅರ್ಧ ಎಕರೆ ಜೋಳ ನೆಲಕಚ್ಚಿತ್ತು. ಹೆಜ್ಜೆಯ ಫೋಟೋ ಅವರೇ ತೆಗೆದು ಕಳಿಸಿದ್ದರು. ಆನೆ ಬಂದುಹೋದ ಹೊಲದತ್ತ ಬಿಳಿಗಿರಿ ತಲೆಯಿಟ್ಟು ಮಲಗುವವನೂ ಅಲ್ಲ. ಮಧ್ಯಾಹ್ನ ಮೂರಕ್ಕೆ ಫಾರೆಸ್ಟ್ ಆಫೀಸರ್ ನಟರಾಜ್ ಸಂಘದ ಆಫೀಸಿಗೇ ಬರುವವರಿದ್ದರು.

ಬೆಳಿಗ್ಗೆ ಹತ್ತಕ್ಕೆ ಬಿಳಿಗಿರಿ ಆಫೀಸಿನಲ್ಲಿ ಕಂಪ್ಯೂಟರ್ ಹಾಕುವಾಗ, ಕಸ ಗುಡಿಸಿ ನೀರು ತುಂಬುವ ಚಿಕ್ಕಲಕ್ಷ್ಮಮ್ಮ ಬಾಗಿಲಲ್ಲಿ ಕೂತು ನೀಲಿ ಡ್ರಮ್ಮನ್ನು ತಿಕ್ಕುತ್ತಿದ್ದಳು.

"ಕುಡಿಯೋ ನೀರಿನ ಡ್ರಮ್ಮ ಯಾವ ಪುಣ್ಯಾತ್ಮ ತಕ್ಕೊಂಡೋಗಿದ್ನೋ ಕಾಣೆ. ತಳ ತುಂಬ ಕೆಮ್ಮಣ್ಣು ಮೆತ್ತಿ ತಂದಿಟ್ಟವ್ನೆ."

ಬಿಳಿಗಿರಿಗೆ ಅದನ್ನು ಕೇಳುವ ಪುರುಸೊತ್ತಿರಲಿಲ್ಲ. ಪ್ರಿಂಟರ್ ಒಂದೇ ಒಂದು ಹಾಳೆ ಉಗುಳಿತ್ತು. ಅದರ ಮೂಲೆಯಲ್ಲಿ ಏನೋ ಒಂದು ಮುದುರಿ ಕೂತಿತ್ತು.

ಅಷ್ಟರಲ್ಲಿ ಶಿವಶಂಕರಪ್ಪ ಒಳಗೆ ಬಂದರು. "ಎತ್ತುಗಳಿಗೆ ಒಟ್ಟೆ ಉಬ್ಬರ ಕಣ್ಲಾ, ಎಣ್ಣೆ ಕುಡ್ಸಿ ಬರೋದ್ರಲ್ಲಿ ತಡ ಆಯ್ತು. ಎಲ್ಲಿ ನನ್ನಾನೆ?"

ಬಿಳಿಗಿರಿ ಹಾಳೆ ಕೊಟ್ಟ. ಅಧ್ಯಕ್ಷರು ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ಇದೇನ್ಲಾ ಇದು, ಇಡ್ಲಿ?"

"ಆನೆ ಎಜ್ಜೆ ಯಜಮಾನ್ರೇ."

"ನನ್ನೊಲಕ್ಕೆ ಬಂದದ್ದು ಆನೆ. ನೀನು ನಾಯಿ ಮಾಡ್ಬುಟ್ಟಿದ್ದೀಯ. ಅರ್ಧ ಎಕರೆ ಜೋಳವ ನಾಯಿ ತಿಂತು ಅಂತ ಮನು ಕೊಡ್ಲಾ?"

ಚಿಕ್ಕಲಕ್ಷ್ಮಮ್ಮ ಇಣುಕಿ ನೋಡಿ, "ನಾಯಿಗಿಂತ ಕೊತ್ತಿ ಅನ್ನಿ, ವಾಸಿ," ಎಂದಳು.

ಬಿಳಿಗಿರಿ ಬೆವರುತ್ತ ತಾನು ಬರೆದದ್ದನ್ನು ಮೇಲಿಂದ ಕೆಳಗೆ ಓದಿದ. ಕಾಗದದ ಅಗಲ ಉದ್ದ ಕೇಳುವ ಕಡೆ ಇನ್ನೂರ ಹತ್ತು, ಇನ್ನೂರ ತೊಂಬತ್ತೇಳು ಎಂದು ಕೊಟ್ಟಿದ್ದ. ಎ-ಫೋರ್ ಹಾಳೆ ಮಿಲಿಮೀಟರಿನಲ್ಲಿ ಅಷ್ಟೇ, ತಪ್ಪಿಲ್ಲ. ಆದರೆ ಪ್ರಿಂಟರಿಗೆ ಮಿಲಿಮೀಟರೆಂದರೆ ಯಾರೆಂದೇ ಗೊತ್ತಿರಲಿಲ್ಲ. ಅದು ಎಣಿಸುವುದೇ ಇಂಚಿನ ನೂರನೇ ಭಾಗದಲ್ಲಿ. ಇಂಥ ನಾಲ್ಕು ಭಾಗ ಸೇರಿದರೆ ಒಂದು ಮಿಲಿಮೀಟರ್. ಹೀಗಾಗಿ ಹಾಳೆಯೂ ಆನೆಯೂ ಕಾಲು ಭಾಗಕ್ಕೆ ಇಳಿದಿದ್ದವು.

"ನಾಲ್ಕರಿಂದ ಗುಣಿಸಿದ್ರೆ ಆಯ್ತು ಯಜಮಾನ್ರೇ," ಎಂದ. ಗುಣಿಸಿದ. ಆದರೆ ಹೆದರಿದವನು ಒಂದೇ ಸಲ ಗುಣಿಸಿ ಸುಮ್ಮನಿರುತ್ತಾನೆಯೇ? ಮೇಲೊಂದು ಸಲ, ಕೆಳಗೊಂದು ಸಲ ಗುಣಿಸಿಬಿಟ್ಟ.

ಪ್ರಿಂಟರ್ ಶುರುವಾದದ್ದು ನಿಲ್ಲಲೇ ಇಲ್ಲ. ಎಂಟು ಹಾಳೆ, ಹದಿನಾರು, ಮೂವತ್ತು, ಕೊನೆಗೆ ನಲವತ್ತೆಂಟು. ಎಲ್ಲವನ್ನೂ ಅಂಟಿಸಿ ಹಾಸಿದರೆ ಆಫೀಸಿನ ನೆಲವೇ ಕಾಣಲಿಲ್ಲ. ಅಷ್ಟು ಹೊತ್ತಿಗೆ ಊರಿಗೆ ಊರೇ ಬಂದು ಸೇರಿತ್ತು. ಹೆಜ್ಜೆಯೊಳಗೆ ಹನ್ನೊಂದು ಜನ ಚಕ್ಕಳಮಕ್ಕಳ ಹಾಕಿ ಕೂತರು, ಇನ್ನೂ ಇಬ್ಬರಿಗೆ ಜಾಗವಿತ್ತು.

ಮೂವತ್ತು ವರ್ಷ ಆನೆ ಕಾವಲುಗಾರನಾಗಿದ್ದ ಸಿದ್ದಯ್ಯ ಹುರಿ ಹಿಡಿದು ಮುಂದೆ ಬಂದ. ಆನೆಯ ಮುಂಗಾಲಿನ ಸುತ್ತಳತೆ ತೆಗೆದು ಎರಡರಿಂದ ಗುಣಿಸಿದರೆ ಆನೆಯ ಎತ್ತರ ಸಿಗುತ್ತದೆ. ಕಾಡಂಚಿನಲ್ಲಿ ಹುಟ್ಟಿದವರಿಗೆಲ್ಲ ಈ ಲೆಕ್ಕ ಗೊತ್ತು. ಸಿದ್ದಯ್ಯ ಕೂತವರನ್ನು ಎಬ್ಬಿಸಿ, ಹೆಜ್ಜೆಯ ಸುತ್ತ ಹುರಿ ಹಾಸುತ್ತ ಒಂದು ಪ್ರದಕ್ಷಿಣೆ ಮುಗಿಸಿದ. ಬೆರಳು ಮಡಿಸಿದ, ಬಿಚ್ಚಿದ.

"ಮೂವತ್ಮೂರಡಿ," ಎಂದ.

ಗೆಟ್ಟವಾಡಿಯಿಂದ ಬೈಕಿನಲ್ಲಿ ಬಂದಿದ್ದ ಇಬ್ಬರು ಸದ್ದಿಲ್ಲದೆ ಬೈಕ್ ತಿರುಗಿಸಿದರು.

"ಮಧ್ಯದಲ್ಲಿ ಇದೇನ್ ಮಾವ, ಮೂರ್ ಮೂಲೆ ಗೀಟು?" ಬಿಳಿಗಿರಿ ಕೇಳಿದ.

"ಗಾಯ ಕಣಪ್ಪ. ಮುದಿ ಸಲಗ. ಯಾವ್ದೋ ಕಾಲದಲ್ಲಿ ಕಬ್ಬಿಣ ತುಳಿದದೆ."

ಶಿವಶಂಕರಪ್ಪನವರಿಗೆ ಈ ಆನೆ ತುಂಬ ಹಿಡಿಸಿತು. "ಇದೇ ಇರ್ಲಿ ಬುಡ್ಲಾ. ದೊಡ್ಡದಿದ್ರೆ ಆಫೀಸರಿಗೂ ಮರ್ವಾದೆ."

"ಮೂವತ್ಮೂರಡಿ ಆನೆ ಯಾರ್ ನಂಬ್ತಾರೆ ಯಜಮಾನ್ರೇ? ಸುಳ್ಳು ಮನು ಅಂತ ಬಿಸಾಕ್ತಾರೆ. ನಾನು ಅಟ್ಟಣೆ ಅತ್ಬೇಕಾಯ್ತದೆ."

"ಅಂಗಂತ ಕರಾರುವಾಕ್ಕಾಗೇ ಬೇಕಾ? ಚೂರು ಎಚ್ಚು ಕಮ್ಮಿ ಇರ್ಲಿ."

ಬಿಳಿಗಿರಿ ಒಪ್ಪಲಿಲ್ಲ. ಹುಟ್ಟಿದಾಗಿನಿಂದ ಅವನು ಹಟ ಹಿಡಿದದ್ದು ಇದೊಂದೇ ಸಲ. ಅಂದಾಜಿನ ನಾಲ್ಕನ್ನೇ ಕಿತ್ತೆಸೆದ. ಇಂಚಿಗೆ ಇಪ್ಪತ್ತೈದು ಪಾಯಿಂಟ್ ನಾಲ್ಕು ಮಿಲಿಮೀಟರ್ ಎಂಬ ಸರಿಯಾದ ಲೆಕ್ಕ ಕೂರಿಸಿ, ಏಳು ಸಲ ಪರೀಕ್ಷೆ ಮಾಡಿದ. ಎರಡೂಮುಕ್ಕಾಲು ಗಂಟೆಗೆ ನಾಲ್ಕು ಹಾಳೆ ಬಂತು. ಅಂಟಿಸಿ ಅಳೆದ. ಅಡ್ಡ ನಲವತ್ತು ಸೆಂಟಿಮೀಟರ್, ಉದ್ದವೂ ಅಷ್ಟೇ, ಗುಂಡಗೆ. ಸಿದ್ದಯ್ಯ ಹುರಿ ಸುತ್ತಿ, "ಎಂಟೂಕಾಲಡಿ. ಇದು ಆನೆ," ಎಂದ. ಬಿಳಿಗಿರಿಯ ಕಣ್ಣಲ್ಲಿ ನೀರು ಬಂತು. ಇನ್ನು ಸಾಯುವ ತನಕ ಅವನಿಗೆ ಅಟ್ಟಣೆಯಿಲ್ಲ.

ಮೂರಕ್ಕೆ ಸರಿಯಾಗಿ ನಟರಾಜ್ ಬಂದರು. ಮೇಜಿನ ಮೇಲೆ ಹಾಸಿದ ಹೆಜ್ಜೆ ನೋಡಿ ತಲೆದೂಗಿ, ತಮಿಳು ಬೆರೆಸಿ ಹೇಳಿದರು. "ರೊಂಬ ಚೆನ್ನಾಗಿದೆ ತಂಬಿ. ಮೊದಲು ಒಂದು ಲೋಟ ನೀರು ಕೊಡಿ."

ಚಿಕ್ಕಲಕ್ಷ್ಮಮ್ಮ ಡ್ರಮ್ಮನ್ನು ಬಗ್ಗಿಸಿ ಕೊನೆಯ ಲೋಟ ತುಂಬಿದಳು. ಅದೇ ಹೊತ್ತಿಗೆ ಬೆಟ್ಟದ ಗಾಳಿ ಕಿಟಕಿಯಿಂದ ನುಗ್ಗಿ ಹೆಜ್ಜೆಯನ್ನು ಮೇಲೆಬ್ಬಿಸಿತು. "ಅಯ್ಯೋ, ಆನೆ ಆರೋಯ್ತದೆ," ಎಂದವಳೇ ಖಾಲಿ ಡ್ರಮ್ಮನ್ನು ತಂದು ಹಾಳೆಯ ಮೇಲೆ ಕುಕ್ಕಿದಳು.

ಡ್ರಮ್ಮು ಹೆಜ್ಜೆಯ ಮೇಲೆ ಕೂತಿತು. ಹೇಗೆ ಕೂತಿತೆಂದರೆ, ಬಳೆಗಾರ ಕೈ ನೋಡಿ ತೊಡಿಸಿದ ಬಳೆಯೂ ಹಾಗೆ ಕೂರುವುದಿಲ್ಲ. ಸುತ್ತಲೂ ಒಂದು ಕೂದಲು ತೂರಿಸಲೂ ಜಾಗವಿರಲಿಲ್ಲ.

ನಟರಾಜ್ ಲೋಟ ಕೆಳಗಿಟ್ಟರು. ಡ್ರಮ್ಮನ್ನು ಎತ್ತಿ ತಲೆಕೆಳಗು ಮಾಡಿದರು. ತಳದ ನಟ್ಟನಡುವೆ ಕಂಪನಿಯವರು ಒತ್ತಿದ ಮೂರು ಮೂಲೆಯ ಗುರುತಿತ್ತು.

"ಸಲಗದ ಗಾಯ," ಎಂದು ಸಿದ್ದಯ್ಯ ಮೆಲ್ಲಗೆ ಅಂದ.

"ಕೆಮ್ಮಣ್ಣಿರೋದು ಯಜಮಾನ್ರ ಒಲ್ದಲ್ಲೇ ಅಲ್ವಾ," ಚಿಕ್ಕಲಕ್ಷ್ಮಮ್ಮ ಲೆಕ್ಕ ಹಾಕುತ್ತ ಹೇಳಿದಳು. "ಎತ್ತುಗಳಿಗೆ ಉಬ್ಬರ ಬೇರೆ. ಎಳೆ ಜೋಳ ಮಿತಿ ಮೀರಿ ಮೇದ್ರೆ ಅಂಗೇ ಆಗೋದು."

ಶಿವಶಂಕರಪ್ಪ ಬಿಳಿಗಿರಿಯನ್ನು ದುರುಗುಟ್ಟಿ ನೋಡಿದರು. "ನಾಯಿನೇ ವಾಸಿಯಾಗಿತ್ತು ಕಣ್ಲಾ."

ಬಿಳಿಗಿರಿ ಕುರ್ಚಿ ಹಿಡಿದು ನಿಂತ. ಸಾಫ್ಟ್‌ವೇರ್ ಫೇಲು, ಬಾಳು ಫೇಲು. ಆದರೆ ನಟರಾಜ್ ಅವನ ಬೆನ್ನು ತಟ್ಟಿದರು.

"ಮನು ಬಿದ್ದೋಯ್ತು, ಅದು ಬಿಡು. ಸಾಫ್ಟ್‌ವೇರ್ ಪಾಸು. ಇಷ್ಟು ಸರಿಯಾದ ಅಳತೆ ನಾನು ಕಂಡೇ ಇಲ್ಲ. ಬೆಟ್ಟಕ್ಕೆಲ್ಲ ಇದನ್ನೇ ಇಡೋಣ."

ಸತ್ತಿದ್ದ ಬಿಳಿಗಿರಿಗೆ ಮತ್ತೆ ಜೀವ ಬಂತು. "ಅಂಗಾರೆ ನಾನು ಅಟ್ಟಣೆ..."

"ಹತ್ತಲೇಬೇಕು," ಎಂದರು ನಟರಾಜ್. "ಬೇರೆಯವರು ತೆಗೆದ ಫೋಟೋ ಇನ್ನು ನಾನು ನಂಬಲ್ಲ. ಆನೆ ಬರೋ ಕಡೆ ನೀನೇ ಕೂತು, ಬಿಸಿ ಹೆಜ್ಜೆ ಪಕ್ಕ ನೀನೇ ಸ್ಕೇಲ್ ಇಟ್ಟು ತೆಗೀಬೇಕು. ದಿನಾ. ಇವತ್ತಿಂದಾನೇ ಶುರು ಮಾಡು."

ಸಂಜೆ ಆರಕ್ಕೆ ಊರವರು ಅವನನ್ನು ಅಟ್ಟಣೆಯ ಬುಡದವರೆಗೆ ಬಿಟ್ಟು ಬಂದರು. ಏಣಿ ಹತ್ತುವ ಗಡಿಬಿಡಿಯಲ್ಲಿ ಕೈಯಿಂದ ಏನೋ ಜಾರಿ ಬಿತ್ತು. ಇಳಿದು ಎತ್ತಿಕೊಳ್ಳುವ ಧೈರ್ಯವಾಗಲಿಲ್ಲ. ಹೊತ್ತು ಮುಳುಗುವ ಮುಂಚೆಯೇ ಸಿದ್ದಯ್ಯನ ಫೋನ್ ಬಂತು.

"ಏನಾರ ಬಂತೇನ್ಲಾ?"

"ಬಂದದೆ ಮಾವ," ಎಂದ ಬಿಳಿಗಿರಿ. ಅವನ ಹಲ್ಲು ಕಟಕಟ ಎನ್ನುವುದು ಫೋನಿನಲ್ಲೂ ಕೇಳುತ್ತಿತ್ತು.

"ಅಸಲಿನಾ?"

"ಡ್ರಮ್ಮಿಗೆ ಸೊಂಡ್ಲಿರಕಿಲ್ಲ ಮಾವ."

"ಅಂಗಾರೆ ಅದು ಅತ್ಲಾಗ್ ಓದ್ ತಕ್ಷಣ ಇಳಿದು, ಸ್ಕೇಲ್ ಇಟ್ಟು ಎಜ್ಜೆ ಅಳ್ತೆ ತಕ್ಕೊ."

ಬಿಳಿಗಿರಿ ಹಲಗೆಯ ಸಂದಿಯಿಂದ ಕೆಳಗೆ ನೋಡಿದ.

"ಎಂಗ್ ತಕ್ಕಳ್ಳಿ ಮಾವ," ಎಂದ. "ಸ್ಕೇಲ್ ಮ್ಯಾಲೇ ನಿಂತದೆ."