ನಾನು ಟೆಲಿಫೋನ್ ಷೇರನ್ನು ಪರೀಕ್ಷಿಸಿದ್ದು

ಗಣಿತ ಕಲಿಸುವ ಮಾಸ್ತರನಿಗೆ ವ್ಯವಹಾರವೂ ತಿಳಿದಿರುತ್ತದೆ ಎಂಬ ನಂಬಿಕೆ ಲೋಕದಲ್ಲಿದೆ. ಇಪ್ಪತ್ತು ವರ್ಷ ನಾನು ಆ ನಂಬಿಕೆಯನ್ನು ಕೆಡಿಸದೆ ಕಾಪಾಡಿಕೊಂಡು ಬಂದಿದ್ದೆ. ಯಾಕೆಂದರೆ ಯಾವ ವ್ಯವಹಾರವನ್ನೂ ಮಾಡಿರಲಿಲ್ಲ. ಅದಕ್ಕೆ ಕುತ್ತು ತಂದದ್ದು ನನ್ನ ಹೆಂಡತಿಯ ಅಣ್ಣ ವಾಸುದೇವರಾಯರ ಪತ್ರ. ಅವರು ಮುಂಬಯಿಯ ದೊಡ್ಡದೊಂದು ಟೆಲಿಫೋನ್ ಕಂಪನಿಯಲ್ಲಿ ಹೆಡ್ ಕ್ಲಾರ್ಕರು. ನಮ್ಮ ಕಂಪನಿಯ ಷೇರು ಕೊಳ್ಳಿರಿ, ಮುಂದೆ ಕೈಹಿಡಿಯುತ್ತದೆ ಎಂದು ಬರೆದಿದ್ದರು.

ಪತ್ರ ಓದಿದ ನಮ್ಮಾಕೆ ಕೈಯಲ್ಲಿದ್ದ ತವರಿನ ಬಂಗಾರದ ಪಾಟ್ಲಿ ಬಳೆಗಳನ್ನು ತೆಗೆದು ನನ್ನ ಮುಂದಿಟ್ಟಳು. "ಸುಮಿ ಮ್ಯಾಟ್ರಿಕ್ ಆದಮ್ಯಾಲ ಕಾಲೇಜಿಗೆ ಹೋಗಬೇಕು. ಮಗಳ ಸಲುವಾಗಿ ನನ್ನ ಕಡೆ ಇರೂದು ಇಷ್ಟರಿ. ಷೇರು ತಗೊಳ್ಳೂದು ಛಲೋನೋ ಏನೋ, ನೀವು ಗಣಿತದವರು, ನೋಡಿ ಹೇಳ್ರಿ" ಎಂದಳು.

ನನಗೆ ಹೆದರಿಕೆಯಾಯಿತು. ಷೇರಿನ ಮಾತು ಹಾಗಿರಲಿ, ಟೆಲಿಫೋನನ್ನೇ ನಾನು ಮುಟ್ಟಿರಲಿಲ್ಲ. ಬದನೆಕಾಯಿಯನ್ನೂ ಹಿಚುಕಿ ನೋಡದೆ ಕೊಳ್ಳುವವನಲ್ಲ ನಾನು. ಆದ್ದರಿಂದ ಶನಿವಾರ ಶಾಲೆ ಬಿಟ್ಟೊಡನೆ ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಅರಳೆ ವ್ಯಾಪಾರ ಮಾಡುವ ಚನ್ನಬಸಪ್ಪನ ಅಂಗಡಿಗೆ ಹೋದೆ. ಅವನು ನನ್ನ ಹಳೆಯ ವಿದ್ಯಾರ್ಥಿ, ಭಿನ್ನರಾಶಿಯಲ್ಲಿ ಎರಡು ಸಲ ನಪಾಸಾದವನು. ಈಗ ಅವನ ಗೋಡೆಯ ಮೇಲೆ ಟೆಲಿಫೋನಿದೆ, ಪಾಸಾದವರ ಗೋಡೆಯ ಮೇಲೆ ಕ್ಯಾಲೆಂಡರಿದೆ.

"ಮಾಸ್ತರ್ರ, ನೋಡೂದೇನೈತ್ರಿ, ಮಾತಾಡೇ ಬಿಡ್ರಿ" ಎಂದು ಅವನು ವಾಸುದೇವರಾಯರ ಆಫೀಸಿಗೆ ಕರೆ ಹಚ್ಚಿದ. ಅದು ಸಿಗುವಷ್ಟರಲ್ಲಿ ಎರಡು ಸಲ ಚಹಾ ಆಯಿತು, ಅವನ ವ್ಯಾಪಾರದ ಮಾತೂ ಅದೇ ಟೆಲಿಫೋನಿನಲ್ಲಿ ಮತ್ತೆ ಮತ್ತೆ ನಡೆಯಿತು. ನಾನು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡೆ: ಕಂಪನಿ ಗಟ್ಟಿಯೇ? ಲಾಭ ವರ್ಷವರ್ಷವೂ ಹಂಚುತ್ತದೆಯೇ? ಕೊನೆಗೆ ಗಂಟೆ ಬಾರಿಸಿತು. ರಿಸೀವರ್ ಕಿವಿಗಿಟ್ಟರೆ ಸಾಕ್ಷಾತ್ ವಾಸುದೇವರಾಯರ ಧ್ವನಿ: "ಯಾರ್ರಿ ಮಾತಾಡೂದು?"

ನಾವು ಮಾಳಮಡ್ಡಿ ಓಣಿಯ ಸಂಪ್ರದಾಯಸ್ಥರು. ಹಿರಿಯರ ಧ್ವನಿ ಕೇಳಿದರೆ ಮೊದಲು ನಮಸ್ಕಾರ, ಆಮೇಲೆ ಉಳಿದದ್ದು. ಒಂದೇ ಕೈಯಲ್ಲಿ ನಮಸ್ಕಾರ ಮಾಡುವುದು ಹೇಗೆ? ರಿಸೀವರನ್ನು ಜೋಪಾನವಾಗಿ ಅದರ ಕೊಕ್ಕೆಗೆ ತೂಗುಹಾಕಿ, ಎರಡೂ ಕೈ ಜೋಡಿಸಿ, ಗೋಡೆಯ ಪೆಟ್ಟಿಗೆಗೆ ಬಾಗಿ ನಮಸ್ಕರಿಸಿದೆ. ಚನ್ನಬಸಪ್ಪ, "ಮಾಸ್ತರ್ರ, ತೂಗು ಹಾಕಿದ್ರ ಮಾತು ಮುಗದಂಗರಿ" ಎಂದ. ಮತ್ತೊಮ್ಮೆ ಹಚ್ಚು ಎನ್ನಲು ನಾಚಿ, ಚೀಟಿ ಮಡಿಸಿ ಜೇಬಿಗಿಟ್ಟು ಸ್ಟೇಶನ್ನಿಗೆ ನಡೆದೆ.

ಮರಳಿ ಬರುವಾಗ ರೈಲಿನಲ್ಲಿ ತೀರ್ಮಾನಕ್ಕೆ ಬಂದೆ: ಮರ್ಯಾದಸ್ತರು ಬಳಸಲಾಗದ ಯಂತ್ರ ಊರಲ್ಲಿ ನಡೆಯದು, ಷೇರು ಬೇಡ. ಮನೆಯಲ್ಲಿ ಹಾಗೆಯೇ ಹೇಳಿದೆ. ನಮ್ಮಾಕೆ ನಗಲಿಲ್ಲ.

"ನೀವು ಇದ್ದಾಗ ಚನ್ನಬಸಪ್ಪನವರು ಎಷ್ಟು ಸಲ ಮಾತಾಡಿದ್ರು?"

"ನಾಕು ಸಲ."

"ರೊಕ್ಕಾ ಕೊಟ್ಟು?"

"ಪ್ರತಿ ಸಲಾನೂ."

"ರೊಕ್ಕಾ ಕೊಟ್ಟೂ ಸಾಕು ಅನ್ನಲಿಲ್ಲಲ್ರಿ. ಮಾತಿನ ರುಚಿ ಹತ್ತಿದವರು ಬಿಡೂದಿಲ್ಲ. ಲಗೂನ ಪಾಟ್ಲಿ ಮಾರಿ ಬರ್ರಿ."

ಇದಕ್ಕಿಂತ ಗಟ್ಟಿ ಲೆಕ್ಕ ನನ್ನ ಚೀಟಿಯಲ್ಲಿರಲಿಲ್ಲ. ಷೇರಿನ ಕಾಗದ ಈಗ ಮನೆಯ ಪೆಟ್ಟಿಗೆಯಲ್ಲಿದೆ. ಸುಮಿ ಕಾಲೇಜಿಗೆ ಹೋಗುತ್ತಾಳೆ ಎಂದು ನನಗೂ ಧೈರ್ಯ ಬಂದಿದೆ. ಮುಂದೆ ಅವಳೋ ವಾಸುದೇವರಾಯರೋ ನಮಗೆ ಟೆಲಿಫೋನು ಮಾಡಿದರೆ ಎಂದು ನಾನು ಹಿತ್ತಾಳೆಯ ತಂಬಿಗೆಯನ್ನು ಕಿವಿಗೆ ಹಿಡಿದು ಅಭ್ಯಾಸ ನಡೆಸಿದ್ದೇನೆ. ಮಾತು ಬರುತ್ತದೆ, ಆದರೆ ನಮಸ್ಕಾರ ಎಂದೊಡನೆ ತಂಬಿಗೆ ನೆಲಕ್ಕೆ ಇಳಿಯುತ್ತದೆ. ನಿನ್ನೆ ಇದನ್ನು ನೋಡಿದ ನಮ್ಮಾಕೆ ಹತ್ತಿರ ಬಂದು, ಪಾಟ್ಲಿಯಿಲ್ಲದ ಕೈಯಿಂದ ತಂಬಿಗೆಯನ್ನೆತ್ತಿ ನನ್ನ ಕಿವಿಗೆ ಹಿಡಿದಳು.

"ನೀವು ಕೈ ಮುಗೀರಿ," ಎಂದಳು. "ನಾ ಹಿಡೀತೇನಿ."